ಕುಮ್ಕಿ ಗುಡ್ಡೆಯ ಅಂಕೋಲೆ

ಡಾಗ್‌ವುಡ್ ಎಂದು ಜಗತ್ತಿಗೆ ಪರಿಚಿತವಾದ ಕಾರ್ನಸ್ ಕುಲದ ಮರ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬಗಳ ಮಣ್ಣಿನಲ್ಲಿ ತಾನಾಗಿ ಹುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅದರ ತವರು ಹಿಮಾಲಯ. ಗಢವಾಲದ ಕಡೆ ಭಮೋರಾ ಎಂದು ಕರೆಸಿಕೊಂಡು ಸ್ಟ್ರಾಬೆರಿಯಂಥ ಕೆಂಪು ಹಣ್ಣು ಬಿಡುವ ಕಾರ್ನಸ್ ಕ್ಯಾಪಿಟೇಟಾ ಆ ಕುಲದ್ದು. ಆದರೆ ಅದೇ ಕುಟುಂಬಕ್ಕೆ ಸೇರಿದ ಒಂದು ಮರ ಈ ಮೂರು ತಾಲೂಕುಗಳ ಗುಡ್ಡೆಗಳಲ್ಲಿ ಹಿಂದಿನಿಂದಲೂ ಇದೆ. ಅದು ಅಂಕೋಲೆ. ಕಾರ್ನಸ್ಸಿಗೆ ಸಸ್ಯಲೋಕದಲ್ಲಿ ಇದಕ್ಕಿಂತ ಹತ್ತಿರದ ನಂಟ ಬೇರೊಬ್ಬನಿಲ್ಲ. ಪಶ್ಚಿಮ ಘಟ್ಟದ ಬುಡದಲ್ಲಿರುವ ಊರುಗಳಿಗೆ ಇಂಥ ಹಳೆಯ ವಂಶದ ಮರವೊಂದಿದೆ ಎಂದರೆ ಅದನ್ನು ಸುಬ್ರಹ್ಮಣ್ಯದ ಮೇಲಣ ದಟ್ಟ ಕಾಡಿನಲ್ಲಿ ಹುಡುಕಬೇಕು ಎಂದೇ ಯಾರಿಗಾದರೂ ತೋಚುತ್ತದೆ. ಅಂಕೋಲೆಯ ಮಟ್ಟಿಗೆ ಅದು ತಪ್ಪು ದಾರಿ. ಅದರ ನೆಲೆ ಮುರಕಲ್ಲಿನ ಗುಡ್ಡೆ, ತೋಟದ ಬೇಲಿ, ಗದ್ದೆಯ ಮೇಲಣ ಬರೆ, ಬನದ ಅಂಚು. ಈ ಜಾಗಗಳು ಇಂದು ನಾವು ಕಾಣುವ ರೂಪಕ್ಕೆ ಬಂದದ್ದು ಮಳೆ ಮತ್ತು ಮಣ್ಣಿನಿಂದ ಮಾತ್ರವಲ್ಲ. ಸುಮಾರು ಒಂದೂವರೆ ಶತಮಾನದ ಕಂದಾಯದ ಕಟ್ಟಳೆ ಮತ್ತು ಸೊಪ್ಪು ಕಡಿಯುವ ಕತ್ತಿ ಕೂಡ ಅವುಗಳನ್ನು ರೂಪಿಸಿವೆ. ಹಾಗಾಗಿ ಈ ಮರದ ಸಹಜ ನೆಲೆ ಯಾವುದು ಎಂಬ ಪ್ರಶ್ನೆಗೆ ಸಸ್ಯಶಾಸ್ತ್ರವೊಂದೇ ಉತ್ತರ ಕೊಡಲಾರದು. ಕುಮ್ಕಿ ಎಂಬ ಕಂದಾಯ ಸೌಲಭ್ಯದ ಚರಿತ್ರೆಯನ್ನೂ ಓದಬೇಕಾಗುತ್ತದೆ.

ಮೊದಲು ಗುರುತಿನ ಮಾತು. ಅಂಕೋಲೆ ಎಲೆ ಉದುರಿಸುವ ಸಣ್ಣ ಮರ. ಕಡಿತಕ್ಕೆ ಸಿಕ್ಕಲ್ಲಿ ಪೊದೆಯಾಗಿಯೇ ಉಳಿಯುತ್ತದೆ, ಬಿಟ್ಟರೆ ಎಂಟು-ಹತ್ತು ಮೀಟರ್ ಏರುತ್ತದೆ. ಎಳೆಯ ರೆಂಬೆಗಳ ತುದಿ ಹಲವೆಡೆ ಮುಳ್ಳಿನಂತೆ ಗಡುಸಾಗುತ್ತದೆ. ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿ ಜೋಡಣೆಯಾಗಿರುತ್ತವೆ, ಉದ್ದನೆಯವು, ಅಂಚು ನಯ. ಮಳೆಗಾಲದಲ್ಲಿ ಎಲೆ ಮಾತ್ರ ನೋಡಿ ಇದನ್ನು ಗುರುತಿಸಹೊರಟರೆ ಗುಡ್ಡೆಯ ಹತ್ತು ಮರಗಳ ನಡುವೆ ಅದು ಕಳೆದುಹೋಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಎಲೆ ಉದುರಿದ ಕೊಂಬೆಗಳಲ್ಲಿ ಹೂ ಬಂದಾಗ ಅನುಮಾನಕ್ಕೆ ಎಡೆಯಿಲ್ಲ: ಕೆನೆಬಿಳಿ ಬಣ್ಣ, ಸುವಾಸನೆ, ಹಿಂದಕ್ಕೆ ಸುರುಳಿಗೊಳ್ಳುವ ಪಟ್ಟಿಯಂಥ ದಳಗಳು, ನಡುವೆ ಕೇಸರಗಳ ಗೊಂಚಲು. ಮಾಗಿದಾಗ ಕಪ್ಪಿಗೆ ತಿರುಗುವ ಸಣ್ಣ ಹಣ್ಣಿನ ತಲೆಯ ಮೇಲೆ ಹೂವಿನ ಪುಷ್ಪಪಾತ್ರೆಯ ಅವಶೇಷ ಕಿರೀಟದಂತೆ ಉಳಿದುಕೊಂಡಿರುತ್ತದೆ. ಒಳಗೆ ಲೋಳೆಯಂಥ ತಿರುಳು, ಒಂದೇ ಬೀಜ. ಆ ಕಿರೀಟವೇ ಮುಖ್ಯ ಸಾಕ್ಷಿ. ಹೂವಿನ ಅಂಡಾಶಯ ದಳಗಳ ಕೆಳಗಿದೆ ಎಂಬುದನ್ನು ಅದು ಹೇಳುತ್ತದೆ, ಮತ್ತು ಕಾರ್ನಸ್ಸಿನ ಹೂವಿನಲ್ಲೂ ಅಂಡಾಶಯ ಇರುವುದು ಹಾಗೆಯೇ. ಎಲೆಯ ಜೋಡಣೆ, ದಳಗಳ ಸಂಖ್ಯೆ, ಮರದ ನಿಲುವು ಯಾವುದರಲ್ಲೂ ಕಾಣದ ನಂಟು ಅಲ್ಲಿ ಕಾಣುತ್ತದೆ.

ಈ ನಂಟನ್ನು ಒಪ್ಪಿಕೊಳ್ಳಲು ವಿದ್ವಾಂಸರಿಗೆ ಎರಡು ಶತಮಾನಕ್ಕೂ ಹೆಚ್ಚು ಬೇಕಾಯಿತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಹೊರಬಂದ ಹನ್ನೆರಡು ಸಂಪುಟಗಳ ಹೋರ್ಟಸ್ ಮಲಬಾರಿಕಸ್‌ನ ನಾಲ್ಕನೆಯ ಸಂಪುಟದಲ್ಲಿ ಈ ಮರದ ಚಿತ್ರ ಅಂಗೋಲಂ ಎಂಬ ಹೆಸರಿನಲ್ಲಿದೆ. ಆ ಗ್ರಂಥಕ್ಕೆ ಗಿಡಗಳ ತಿಳಿವಳಿಕೆ ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಹಾಗೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರು. 1782ರಲ್ಲಿ ಕಿರಿಯ ಲಿನೇಯಸ್ ಇದನ್ನು ಗ್ರೂವಿಯಾ ಕುಲಕ್ಕೆ, ಅಂದರೆ ನಮ್ಮ ದಡಸಲಿನ ಬಳಗಕ್ಕೆ ಸೇರಿಸಿದ. ಸಪೂರ ದಳ, ತುಂಬು ಕೇಸರ ನೋಡಿದರೆ ಹಾಗನ್ನಿಸುವುದು ಅಚ್ಚರಿಯಲ್ಲ. ಆದರೆ ದಡಸಲಿನ ಅಂಡಾಶಯ ಇರುವುದು ದಳಗಳ ಮೇಲೆ. ಮರುವರ್ಷವೇ ಲಾಮಾರ್ಕ್ ಅಲಾಂಜಿಯಂ ಎಂಬ ಹೊಸ ಕುಲ ಕಟ್ಟಿದ. 1828ರಲ್ಲಿ ಡಿ ಕ್ಯಾಂಡೋಲ್ ಅದಕ್ಕೆ ಪ್ರತ್ಯೇಕ ಕುಟುಂಬವನ್ನೇ ಕೊಟ್ಟ. 1867ರಲ್ಲಿ ಬೆಂಥಮ್ ಮತ್ತು ಹೂಕರ್ ಅದನ್ನು ತೆಗೆದು ಡಾಗ್‌ವುಡ್ಡಿನ ಕುಟುಂಬವಾದ ಕಾರ್ನೇಸಿಗೆ ಹಾಕಿದರು. 1910ರಲ್ಲಿ ಜರ್ಮನಿಯ ವಾಂಗೆರಿನ್ ಮತ್ತೆ ಬೇರೆ ಮಾಡಿ, ಇಂದಿಗೂ ಬಳಕೆಯಲ್ಲಿರುವ ಅಲಾಂಜಿಯಂ ಸಾಲ್ವಿಫೋಲಿಯಂ ಎಂಬ ಹೆಸರನ್ನು ಗಟ್ಟಿಮಾಡಿದ. 1990ರ ದಶಕದಿಂದ ಡಿಎನ್‌ಎ ಹೋಲಿಕೆ ಶುರುವಾದ ಮೇಲೆ ಬೆಂಥಮ್-ಹೂಕರರ ಮಾತೇ ನಿಂತಿತು. 2016ರ ಎಪಿಜಿ (ಹೂಗಿಡಗಳ ವಂಶಾವಳಿ ಗುಂಪಿನ) ವರ್ಗೀಕರಣದಲ್ಲಿ ಕಾರ್ನೇಸಿಯಲ್ಲಿ ಉಳಿದಿರುವ ಕುಲಗಳು ಎರಡೇ, ಕಾರ್ನಸ್ ಮತ್ತು ಅಲಾಂಜಿಯಂ. ನಮ್ಮ ಕಾಲೇಜುಗಳ ಹಳೆಯ ಸಸ್ಯಪಟ್ಟಿಗಳಲ್ಲಿ ಅಂಕೋಲೆ ಅಲಾಂಜಿಯೇಸಿ ಎಂಬ ಬೇರೆ ತಲೆಬರಹದಡಿ ಸಿಕ್ಕಿದರೆ ಕಾರಣ ಇಷ್ಟೇ. ಮರ ಬದಲಾಗಿಲ್ಲ, ಪುಸ್ತಕ ಬದಲಾಗಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಮ್ಯಾಸ್ಟಿಕ್ಸಿಯಾ ಅರ್ಬೋರಿಯಾ ಎಂಬ ದೊಡ್ಡ ಮರವಿದೆ, ಅದನ್ನೂ ಬಹುಕಾಲ ಕಾರ್ನೇಸಿಯಲ್ಲೇ ಇಟ್ಟಿದ್ದರು. ನಮ್ಮ ಡಾಗ್‌ವುಡ್ ಎನ್ನುವ ಗೌರವ ಅದಕ್ಕೆ ಸಲ್ಲಬೇಡವೇ? ಸಲ್ಲಬಹುದಿತ್ತು. ಮೂವತ್ತು ಮೀಟರ್ ಎತ್ತರದ, ಘಟ್ಟದ ನಡು ಎತ್ತರದ ಒದ್ದೆ ಕಾಡನ್ನು ಬಿಟ್ಟು ಕೆಳಗಿಳಿಯದ ಈ ಮರಕ್ಕೆ ಘನತೆಯೇನೂ ಕಡಿಮೆಯಿಲ್ಲ. ಇದರ ಕುಲದ ಕಾಯಿಗಳ ಪಳೆಯುಳಿಕೆ ಲಂಡನ್ನಿನ ಜೇಡಿಮಣ್ಣಿನ ಪದರಗಳಲ್ಲಿ ಸಿಕ್ಕಿದೆ. 1933ರಲ್ಲಿ ಎಲೀನರ್ ರೀಡ್ ಮತ್ತು ಮಾರ್ಜರಿ ಚಾಂಡ್ಲರ್ ಆ ಸಸ್ಯಗಳ ಬೃಹತ್ ಪುಸ್ತಕವನ್ನೇ ಬರೆದರು. ಐದು ಕೋಟಿ ವರ್ಷಗಳ ಹಿಂದೆ ಯುರೋಪಿನಲ್ಲಿ ಬೆಳೆದು, ಅಲ್ಲಿ ತಂಪು ಹೆಚ್ಚಿದಂತೆ ಅಳಿದು, ಏಷ್ಯದ ಬಿಸಿ ಮಳೆಕಾಡುಗಳಲ್ಲಿ ಮಾತ್ರ ಉಳಿದ ಕುಲ ಅದು. ಆದರೆ ಈಗಿನ ವರ್ಗೀಕರಣ ಅದನ್ನು ನೈಸೇಸಿ ಎಂಬ ಬೇರೆ ಕುಟುಂಬಕ್ಕೆ ಕಳಿಸಿಯಾಗಿದೆ. ಇನ್ನೊಂದು ಮಾತು: ಲಂಡನ್ನಿನ ಅದೇ ಪದರಗಳಲ್ಲಿ ಅಲಾಂಜಿಯಂ ಕೂಡ ಸಿಕ್ಕಿದೆ. ಹಳೆಯ ವಂಶವೆಲ್ಲ ಎತ್ತರದ ಕಾಡಿನಲ್ಲೇ ಬಾಳಬೇಕು, ಗುಡ್ಡೆಯ ಪೊದೆಗಳೆಲ್ಲ ಈಚಿನ ಕಳೆ ಎಂಬ ನಂಬಿಕೆಗೆ ಇದರಿಂದ ಬಲವಾದ ಪೆಟ್ಟು ಬೀಳುತ್ತದೆ. ಆ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಕಾಡು ಎಂದ ಕೂಡಲೇ ಪುಷ್ಪಗಿರಿಯ ಕಡೆ ತಿರುಗುತ್ತೇವೆ, ಮನೆಯ ಹಿಂದಿನ ಗುಡ್ಡೆಯನ್ನು ಪಾಳು ಎನ್ನುತ್ತೇವೆ.

ಹಾಗಾದರೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಎಲೆ ಉದುರಿಸುವ, ಬಯಲುಸೀಮೆಯಲ್ಲೂ ಧಾರಾಳವಾಗಿ ಸಿಗುವ ಮರಕ್ಕೆ ಏನು ಕೆಲಸ? ಉತ್ತರ ಇರುವುದು ಮಳೆಯ ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸುರಿದ ನೀರು ಮುರಕಲ್ಲಿನ ಗುಡ್ಡೆಯಲ್ಲಿ ನಿಲ್ಲುವುದಿಲ್ಲ. ಇಂಗಿ, ಹರಿದು, ತೋಡುಗಳ ಮೂಲಕ ಪಯಸ್ವಿನಿ, ಕುಮಾರಧಾರೆಗಳನ್ನು ಸೇರುತ್ತದೆ. ಡಿಸೆಂಬರಿನಿಂದ ಮೇವರೆಗೆ ಆ ಗುಡ್ಡೆಯ ನೆತ್ತಿ ಬಯಲುಸೀಮೆಯಷ್ಟೇ ಒಣಗುತ್ತದೆ. ಕೆಳಗೆ ಅಡಿಕೆ ತೋಟದಲ್ಲಿ ಕೆರೆ ತುಂಬಿರುವಾಗ ಮೇಲೆ ಕೇಪಳ, ಕುಂಟಲ, ಕರಂಡೆ, ನೆಲ್ಲಿ, ಕಾಸರ್ಕಗಳು ಬಿಸಿಲು ತಡೆದು ನಿಂತಿರುತ್ತವೆ. ಅಂಕೋಲೆಯ ಒಡನಾಡಿಗಳು ಇವೇ. ಬೆಳಕು ಬೇಕು, ನೀರು ಬಸಿಯಬೇಕು, ಬೇಸಗೆಯಲ್ಲಿ ಎಲೆ ಕಳಚಿ ಬದುಕಲು ಬರಬೇಕು. ಈ ಮೂರೂ ಕೂಡುವ ಜಾಗ ಘಟ್ಟದ ಕಾಡಿನ ಒಳಗೆ ವಿರಳ, ಗುಡ್ಡೆಯ ಮೇಲೆ ಹೇರಳ.

ಆ ಗುಡ್ಡೆ ತೆರೆದುಕೊಂಡು ಉಳಿದದ್ದು ಹೇಗೆ ಎಂಬುದು ಈಗ ಚರಿತ್ರೆಯ ಪ್ರಶ್ನೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪನಿ ಸರಕಾರದ ಕೈಗೆ ಬಂತು. ಅಮರ ಸುಳ್ಯದ ಕಡೆಯ ನೆಲ ಕೊಡಗಿನ ಅರಸರ ಅಧೀನದಲ್ಲಿದ್ದು, 1834ರಲ್ಲಿ ಕೊಡಗು ಬಿದ್ದ ಬಳಿಕ ಮಂಗಳೂರಿಗೆ ಸೇರಿತು. ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿದ್ದು 1837ರ ದಂಗೆಗೆ ಒಂದು ಕಾರಣವಾಯಿತು. 1801ರಲ್ಲಿ ಈ ಜಿಲ್ಲೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಘಟ್ಟದ ತಪ್ಪಲಿನ ಕುಮರಿ ಬೇಸಾಯವನ್ನು ದಾಖಲಿಸಿದ್ದಾನೆ: ಕಾಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು, ಮುಂದಿನ ತುಂಡಿಗೆ ಸಾಗುವ ಪದ್ಧತಿ. ಮದರಾಸಿನ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಕ್ಲೆಗಾರ್ನ್ ಇದರ ವಿರುದ್ಧ ಬರೆದದ್ದೇ ಬರೆದದ್ದು. 1860ರಲ್ಲಿ ಸರಕಾರಿ ಕಾಡಿನಲ್ಲಿ ಅನುಮತಿಯಿಲ್ಲದ ಕುಮರಿಗೆ ತಡೆ ಬಿತ್ತು, 1882ರಲ್ಲಿ ಮದರಾಸು ಅರಣ್ಯ ಕಾಯ್ದೆ ಬಂತು, ಅದರಡಿ ಘಟ್ಟದ ಇಳಿಜಾರುಗಳು ರಿಸರ್ವ್ ಆದವು. ಅಲ್ಲಿಂದಾಚೆ ಬೇಸಾಯಗಾರನ ಕತ್ತಿಗೆ ಕಾಡಿನ ಬಾಗಿಲು ಮುಚ್ಚುತ್ತಾ ಬಂತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಹಟ್ಟಿಗೆ ಹಾಸಲು ಸೊಪ್ಪು ಬೇಕು, ಒಲೆಗೆ ಸೌದೆ, ಬೇಲಿಗೆ ಗೂಟ ಬೇಕು. ಇವೆಲ್ಲ ಎಲ್ಲಿಂದ ಬರಬೇಕು ಎಂಬುದಕ್ಕೆ ದಕ್ಷಿಣ ಕನ್ನಡ ಕೊಟ್ಟುಕೊಂಡ ಉತ್ತರ ಕುಮ್ಕಿ.

ಕುಮ್ಕಿಯ ಕಟ್ಟಳೆ ಕೇಳಲು ಸರಳ. ಫಸಲಿ 1276ಕ್ಕೆ, ಅಂದರೆ ಸುಮಾರು 1866ಕ್ಕೆ ಮುಂಚಿನಿಂದ ಸಾಗುವಳಿಯಲ್ಲಿದ್ದ ಕದೀಂ ವರ್ಗದ, ಅಂದರೆ ಹಳೆಯ ಹಿಡುವಳಿಯ ಗಡಿಯಿಂದ ನೂರು ಗಜದೊಳಗಿನ ಸರಕಾರಿ ನೆಲದಲ್ಲಿ ವರ್ಗದಾರನಿಗೆ ಸೊಪ್ಪು, ಸೌದೆ, ಮನೆಬಳಕೆಯ ಮರ ತೆಗೆಯುವ ವಿಶೇಷ ಸೌಲಭ್ಯ. ನೆಲ ಸರಕಾರದ್ದು, ಹಸುರು ವರ್ಗದಾರನದ್ದು. ಮದರಾಸು ಕಂದಾಯ ಮಂಡಳಿಯ ಸ್ಥಾಯಿ ಆದೇಶಗಳಲ್ಲಿ ನೆಲೆ ಕಂಡ ಈ ಸೌಲಭ್ಯ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೆಯ ಕಲಮಿನಲ್ಲಿ ಬಾಣೆ, ಕಾನೆ, ಸೊಪ್ಪಿನಬೆಟ್ಟಗಳ ಜತೆ ಇಂದಿಗೂ ಇದೆ. ಆದರೆ ಅದರ ಪರಿಣಾಮ ಕಾಗದದಲ್ಲಿ ಕಾಣುವಂಥದಲ್ಲ. ವರ್ಷವರ್ಷವೂ ಸೊಪ್ಪು ಕಡಿಯುವುದು ಗುಡ್ಡೆಯನ್ನು ದಟ್ಟ ಕಾಡಾಗಲು ಬಿಡುವುದಿಲ್ಲ; ಬುಡ ಕೀಳದೆ ಕೊಂಬೆ ಮಾತ್ರ ಕಡಿಯುವುದರಿಂದ ಬೋಳಾಗಲೂ ಬಿಡುವುದಿಲ್ಲ. ಇಂಥ ಕಡಿತದಲ್ಲಿ ಗೆಲ್ಲುವುದು ಬುಡದಿಂದ ಮತ್ತೆ ಚಿಗುರುವ ಜಾತಿ. ದನ ಮೇಯುವಲ್ಲಿ ಗೆಲ್ಲುವುದು ಎಳೆತನದಲ್ಲಿ ಮುಳ್ಳು ತೋರಿಸುವ ಜಾತಿ. ಅಂಕೋಲೆಗೆ ಎರಡೂ ಗುಣವಿದೆ. ಹಣ್ಣನ್ನು ಹಕ್ಕಿ, ಮಂಗಗಳು ತಿನ್ನುವುದರಿಂದ ಬೇಲಿಯಿಂದ ಬೇಲಿಗೆ ಬೀಜ ಸಾಗುವುದೂ ಕಷ್ಟವಲ್ಲ. ನೂರು ಗಜದ ಆ ಪಟ್ಟಿ, ಕಾನೂನು ಯಾವ ಉದ್ದೇಶಕ್ಕೆ ಮಾಡಿದ್ದೇ ಇರಲಿ, ಈ ಮರದ ಪಾಲಿಗೆ ಹೇಳಿ ಮಾಡಿಸಿದ ಜಾಗವಾಯಿತು. ಕ್ಲೆಗಾರ್ನನ ಉತ್ತರಾಧಿಕಾರಿಗಳು ಕಾಪಾಡಲು ಹೊರಟದ್ದು ಹೆಚ್ಚು ಬೆಲೆಯ ಎತ್ತರದ ಮರಗಳನ್ನು. ಅವರ ಗಮನವೇ ಇಲ್ಲದ ಕಡೆ ಅಡಿಕೆಯವರ ಗೊಬ್ಬರದ ಗುಂಡಿ ಇನ್ನೊಂದು ಬಗೆಯ ಸಸ್ಯಸಮುದಾಯವನ್ನು ಕಾಪಾಡಿತು.

ಹೀಗೆಂದ ಕೂಡಲೇ ಬರುವ ಎದುರು ಮಾತು ಗಟ್ಟಿಯಾದದ್ದೇ. ಮನುಷ್ಯನ ಕತ್ತಿ ಕಾದ ಜಾಗ ಸಹಜ ನೆಲೆ ಹೇಗಾದೀತು? ಅಂಕೋಲೆ ಬಯಲುಸೀಮೆಯ ಮರ, ನಾಟಿ ವೈದ್ಯರು ಮದ್ದಿಗೆಂದು ತಂದು ನೆಟ್ಟದ್ದು, ಕಾಡು ಕಡಿದ ಮೇಲೆ ಹಬ್ಬಿದ್ದು ಎಂದು ಯಾಕೆ ಹೇಳಬಾರದು? ಒಂದನೆಯದಾಗಿ, ಈ ಮರದ ಸ್ವಾಭಾವಿಕ ಹರಹು ಪೂರ್ವ ಆಫ್ರಿಕದ ಕರಾವಳಿಯಿಂದ ಭಾರತ, ಶ್ರೀಲಂಕಾ ಹಾದು ಆಗ್ನೇಯ ಏಷ್ಯದವರೆಗೂ ಇದೆ. ಮುಂಗಾರಿನ ನಾಡುಗಳಲ್ಲೆಲ್ಲ ಇದ್ದು ನಡುವಿನ ಮೂರು ತಾಲೂಕುಗಳಿಗೆ ಮಾತ್ರ ಹೊರಗಿನಿಂದ ತರಬೇಕಾಯಿತು ಎನ್ನುವುದಕ್ಕೆ ಪುರಾವೆ ಬೇಕು. ಎರಡನೆಯದಾಗಿ, ಮಲಬಾರಿನ ಒದ್ದೆ ಕರಾವಳಿಯಲ್ಲಿ ಇದೇ ಜಾತಿಯ ಇನ್ನೊಂದು ರೂಪವಿದೆ. ಅದು ಮರವಾಗದೆ ಉದ್ದ ಕೊಂಬೆ ಚಾಚಿ ಬೇರೆ ಮರಗಳ ಮೇಲೆ ಒರಗಿ ಹತ್ತುತ್ತದೆ, ಕಾವುಗಳ, ಅಂದರೆ ದೇವರ ಬನಗಳ ಒಳಗೆ ಬದುಕುತ್ತದೆ. ಲಾಮಾರ್ಕನೇ ಇದನ್ನು ಬೇರೆ ಜಾತಿ ಎಂದು ಹೆಸರಿಸಿದ್ದ, ಈಗ ಉಪಜಾತಿ ಎನ್ನುತ್ತಾರೆ. ಒಣ ಗುಡ್ಡೆಗೊಂದು, ಒದ್ದೆ ಬನಕ್ಕೊಂದು ರೂಪ ತಾಳುವಷ್ಟು ಕಾಲ ಈ ಕರಾವಳಿಯಲ್ಲಿ ಬಾಳಿದ ಮರ ನಿನ್ನೆ ಮೊನ್ನೆಯ ಅತಿಥಿಯಲ್ಲ. ಮೂರನೆಯದು ಮುಖ್ಯ: ಕುಮ್ಕಿ ಗುಡ್ಡೆಯನ್ನು ಹುಟ್ಟಿಸಲಿಲ್ಲ. ಮಣ್ಣೇ ನಿಲ್ಲದ ಪಾದೆ, ಹೊಳೆಯ ದಂಡೆ, ಕುಸಿದ ಬರೆ ಇವೆಲ್ಲ ಮನುಷ್ಯ ಬರುವ ಮೊದಲೂ ಇದ್ದವು. ಅಲ್ಲಿದ್ದ ಮರಕ್ಕೆ ಕುಮ್ಕಿ ಹೆಚ್ಚು ಜಾಗ ಕೊಟ್ಟಿತು. ಮರ ಸ್ಥಳೀಯ, ಅದರ ಹೇರಳತೆ ಚಾರಿತ್ರಿಕ. ಈ ಎರಡನ್ನು ಒಂದೇ ಎಂದುಕೊಂಡಾಗ ಸಹಜ ನೆಲೆಯ ಚರ್ಚೆ ಹಳ್ಳ ಹಿಡಿಯುತ್ತದೆ.

ವೈದ್ಯರ ವಿಷಯ ಪೂರ್ತಿ ತಳ್ಳಿಹಾಕುವಂಥದೂ ಅಲ್ಲ. ಬೇಲಿಯಲ್ಲಿ ಎದ್ದ ಅಂಕೋಲೆಯನ್ನು ಕಡಿದರೂ ಕೀಳದೆ ಬಿಡಲು ಒಂದು ಕಾರಣ ಅದರ ಬೇರಿನ ತೊಗಟೆ. ಮದರಾಸಿನ ಮೊಹಿದೀನ್ ಷರೀಫ್ 1869ರಲ್ಲಿ ಭಾರತೀಯ ಔಷಧಕೋಶಕ್ಕೆ ಪುರವಣಿ ಬರೆದವನು. ವಾಂತಿ ತರಿಸಲು ಹೊರದೇಶದಿಂದ ತರಿಸುತ್ತಿದ್ದ ಇಪೆಕಾಕಿನ ಬದಲಿಗೆ ಈ ತೊಗಟೆ ಆಗುತ್ತದೆಂದು ಅವನು ವಾದಿಸಿದ. ಆಮೇಲೆ ರಸಾಯನ ಪರೀಕ್ಷೆಯಲ್ಲಿ ಇಪೆಕಾಕಿನದೇ ಸತ್ವವಾದ ಎಮೆಟಿನ್ ಇದರಲ್ಲೂ ಸಿಕ್ಕಿತು. ಹೃದಯಕ್ಕೆ ಅಪಾಯಕಾರಿಯಾದ ವಸ್ತು ಅದು, ಮನೆಮದ್ದಿನ ಪ್ರಯೋಗಕ್ಕಲ್ಲ. ಹುಚ್ಚುನಾಯಿ ಕಡಿತಕ್ಕೆ ಅಂಕೋಲೆ ಮದ್ದು ಎಂಬ ಮಾತಂತೂ ಎಷ್ಟೋ ಜೀವ ತೆಗೆದಿರಬೇಕು. ಅದೇ ಮದರಾಸು ಪ್ರಾಂತ್ಯದ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ 1907ರಲ್ಲೇ ತೆರೆದಿತ್ತು, ಇಂದು ಲಸಿಕೆ ತಾಲೂಕು ಆಸ್ಪತ್ರೆಯಲ್ಲೇ ಇದೆ. ಇನ್ನು ಉದುರಿದ ಬೀಜಗಳು ತಾವಾಗಿ ತಾಯಿಮರಕ್ಕೆ ಮರಳಿ ಅಂಟಿಕೊಳ್ಳುತ್ತವೆ ಎಂಬ ನಂಬಿಕೆ. ಶಂಕರರ ಹೆಸರಿನಲ್ಲಿರುವ ಶಿವಾನಂದಲಹರಿಯ 61ನೆಯ ಶ್ಲೋಕ ಭಕ್ತಿಗೆ ಕೊಡುವ ಉಪಮೆಗಳಲ್ಲಿ ಮೊದಲನೆಯದೇ ಇದು. ಬೀಜ ಮರ ಹತ್ತುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಚರಿತ್ರೆಗೆ ಬೇಕಾದ ಅಂಶ ಬೇರೆ: ಸಂಸ್ಕೃತ ಕವಿ ವಿವರಣೆಯ ಗೋಜಿಲ್ಲದೆ ಹೆಸರಿಸಿದರೆ ಸಾಕು, ಕೇಳುವವರಿಗೆ ಗೊತ್ತಾಗುವಷ್ಟು ಈ ಮರ ಊರಿನ ಸುತ್ತಲೇ ಇತ್ತು. ಹತ್ತು ಹರದಾರಿ ನಡೆದು ಘಟ್ಟ ಹತ್ತಿ ನೋಡಬೇಕಾದ ಮರ ಉಪಮೆಯಾಗುವುದಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ನೆಲೆ ಕರಗತೊಡಗಿತು. ಪುತ್ತೂರಿನಲ್ಲಿ ದಶಕಗಟ್ಟಲೆ ನೆಲೆಸಿದ್ದ ಶಿವರಾಮ ಕಾರಂತರ 1943ರ ಬೆಟ್ಟದ ಜೀವ ಕಾದಂಬರಿ ಕುಮಾರಪರ್ವತದ ತಪ್ಪಲಿನಲ್ಲಿ ಕಾಡಿನೊಡನೆ ಸೆಣಸಿ ತೋಟ ಎಬ್ಬಿಸಿದ ಹಿರಿಯರ ಕಾಲವನ್ನು ಹಿಡಿದಿಟ್ಟಿದೆ. ಅಲ್ಲಿ ತೋಟ ಸಣ್ಣದು, ಕಾಡು ದೊಡ್ಡದು. ಮುಂದಿನ ಎರಡು ತಲೆಮಾರಿನಲ್ಲಿ ಅಳತೆ ತಿರುಗಿತು. ತಿರುವಾಂಕೂರಿನ ಕಡೆಯಿಂದ ಬಂದ ಕೃಷಿಕರು ಕಡಬ, ನೆಲ್ಯಾಡಿ, ಸುಳ್ಯದ ಗುಡ್ಡೆಗಳಿಗೆ ರಬ್ಬರ್ ತಂದರು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲು ಸುಳ್ಯ, ಪುತ್ತೂರು ಭಾಗದಲ್ಲಿ ಸರಕಾರಿ ರಬ್ಬರ್ ತೋಟಗಳೆದ್ದವು. 1971ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮ ಅವನ್ನು ನೋಡಿಕೊಂಡಿತು. ಒಣ ಮುರಕಲ್ಲಿಗೆ ಒಗ್ಗುವ ಗೇರು ಅಂಕೋಲೆಯ ಜಾಗಕ್ಕೇ ನೇರವಾಗಿ ಕೈ ಹಾಕಿತು. ಪುತ್ತೂರಿನಲ್ಲಿ 1986ರಲ್ಲಿ ಗೇರು ಸಂಶೋಧನೆಗೆ ರಾಷ್ಟ್ರೀಯ ಕೇಂದ್ರವೇ ಬಂತು. ರಾಸಾಯನಿಕ ಗೊಬ್ಬರ ಬಂದ ಮೇಲೆ ಸೊಪ್ಪಿನ ಅಗತ್ಯ ಇಳಿಯಿತು, ಹಟ್ಟಿಯ ದನಗಳು ಇಳಿದವು, ಕತ್ತಿ ಹಿಡಿಯುವ ಆಳು ಸಿಗದಾಯಿತು. ಉಪಯೋಗ ತಪ್ಪಿದ ಕುಮ್ಕಿಯನ್ನು ಅಡಿಕೆ, ರಬ್ಬರುಗಳಿಗೆ ತಿರುಗಿಸುವುದು ಸುಲಭವಾಯಿತು. 1990ರ ದಶಕದ ಅಕ್ರಮ-ಸಕ್ರಮದ ಅರ್ಜಿಗಳಲ್ಲಿ, ಈಗಲೂ ಎದ್ದೇಳುವ ಕುಮ್ಕಿ ಹಕ್ಕಿನ ಬೇಡಿಕೆಯಲ್ಲಿ ಮಾತೆಲ್ಲ ಎಕರೆಯ ಲೆಕ್ಕದ್ದು. ಆ ನೆಲದ ಮೇಲೆ ಏನಿತ್ತು ಎಂಬ ಕಾಲಂ ಯಾವ ಅರ್ಜಿಯಲ್ಲೂ ಮುಖ್ಯವಲ್ಲ.

ರಬ್ಬರು ಬಡವರ ಮನೆಯ ಒಲೆ ಉರಿಸಿದೆ, ನಿರಾಶ್ರಿತರಿಗೆ ನೆಲೆ ಕೊಟ್ಟಿದೆ. ಮರದ ಹೆಸರಿನಲ್ಲಿ ಅದನ್ನು ಜರೆಯುವುದು ಹೊಟ್ಟೆ ತುಂಬಿದವರ ವಾದ. ಅಂಕೋಲೆ ಅಳಿವಿನಂಚಿನ ಜಾತಿಯೂ ಅಲ್ಲ. ಪುತ್ತೂರಿನಲ್ಲಿ ತೀರಿದರೂ ಬಳ್ಳಾರಿಯಲ್ಲಿ ಇರುತ್ತದೆ. ಇವೆರಡನ್ನೂ ಒಪ್ಪಿಕೊಂಡೇ ಹೇಳಬೇಕಾದ್ದು, ಇಲ್ಲಿ ಅಳಿಯುತ್ತಿರುವುದು ಒಂದು ಜಾತಿಯಲ್ಲ, ಕಡಿತ ಮತ್ತು ಚಿಗುರಿನ ನಡುವೆ ನಿಂತಿದ್ದ ಒಂದು ಬಗೆಯ ಗುಡ್ಡೆ. ಇದಕ್ಕೆ ಮತ್ತೊಂದು ತಿರುವೂ ಇದೆ. ಸೊಪ್ಪು ಕಡಿಯದೆ, ತೋಟವನ್ನೂ ಮಾಡದೆ ಬಿಟ್ಟ ಕುಮ್ಕಿಯಲ್ಲಿ ಎತ್ತರದ ಮರಗಳು ಮೇಲೆದ್ದು ನೆರಳು ಕವಿಯುತ್ತದೆ. ಬೆಳಕು ಬೇಡುವ ಅಂಕೋಲೆ ಅಲ್ಲಿ ಅಂಚಿಗೆ ಸರಿಯಬೇಕಾಗುತ್ತದೆ. ಅಂದರೆ ಬೇಲಿ ಹಾಕಿ ಕೈಬಿಟ್ಟರೆ ಈ ನೆಲೆ ಉಳಿಯುವುದಿಲ್ಲ, ಅರಣ್ಯ ಇಲಾಖೆಗೆ ವಹಿಸಿ ಸಾಲು ಸಸಿ ನೆಟ್ಟರೂ ಉಳಿಯುವುದಿಲ್ಲ. ಕುಮ್ಕಿಯ ಮೇಲೆ ಪೂರ್ತಿ ಹಕ್ಕು ಕೇಳುವವರೂ, ಅದನ್ನು ಕಾಡೆಂದು ಘೋಷಿಸಿ ಎನ್ನುವವರೂ ಈ ಒಂದು ವಿಷಯದಲ್ಲಿ ಒಂದೇ ಕಡೆ ಇದ್ದಾರೆ: 79ನೆಯ ಕಲಮು ಹೇಳುವ ಸೊಪ್ಪು ಕಡಿಯುವ ಸೌಲಭ್ಯ ಇಬ್ಬರಿಗೂ ಬೇಡವಾಗಿದೆ.